ವಾಹನ, ದರೋಡೆ ಮತ್ತು ನಮ್ಮ ಮೌನ

(ಕೂಟದ ಉಪನ್ಯಾಸ ಮಾಲೆಯಲ್ಲಿ ಅತಿಥಿಗಳು ನೀಡಿದ ಭಾಷಣದ ಪಾಠ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ ಇವುಗಳಲ್ಲಿ ಒಂದನ್ನು ಕುರಿತು ಮಾತನಾಡಿ ಹೋಗುತ್ತಾರೆಂಬುದು ವಾಡಿಕೆ. ಆದರೆ ಈ ಬಾರಿ ಕಾರ್ಯದರ್ಶಿಗಳು, ವಾಹನ ಚಾಲಕರಾಗಿ ಮತ್ತು ಒಂದು ಸಮುದಾಯವಾಗಿ ನಾವು ಅಪರಾಧಗಳಿಂದ ರಕ್ಷಿಸಿಕೊಳ್ಳುವುದು ಹೇಗೆ ಎಂಬ ವಿಷಯವನ್ನು ಸೂಚಿಸಿದರು. ಇದು ಪೊಲೀಸ್ ಅಧಿಕಾರಿಯೊಬ್ಬರು ಮಾಡಬೇಕಾದ ಭಾಷಣವಲ್ಲವೆ ಎಂದು ನಮಗೆ ಮೊದಲು ಅನ್ನಿಸಿತು. ಆದರೂ ಒಪ್ಪಿಕೊಂಡೆವು. ಅದಕ್ಕೆ ಎರಡು ಕಾರಣಗಳುಂಟು. ಈ ಡೆಟ್ರಾಯಿಟ್ ಸೀಮೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದ ನಮಗೆ, ಪೊಲೀಸರ ವರದಿ ಮುಗಿದ ಮೇಲೆ ಗಾಯಾಳುವಿನ ಕಥೆ ಎಲ್ಲಿಂದ ಮುಂದುವರಿಯುತ್ತದೆಂಬುದು ಗೊತ್ತು. ಇದು ಮೊದಲನೆಯ ಕಾರಣ. ಎರಡನೆಯದು ನಮ್ಮ ಸ್ವಂತ ಋಣಕ್ಕೆ ಸಂಬಂಧಿಸಿದ್ದು; ಅದನ್ನು ಭಾಷಣ ಮುಗಿಯುವುದರೊಳಗೆ ನಿವೇದಿಸಿಕೊಳ್ಳುತ್ತೇವೆ.

ಮೋಟಾರು ವಾಹನವನ್ನು ಲೋಕಕ್ಕೆ ಹಂಚಿದ ಊರು ಡೆಟ್ರಾಯಿಟ್. ವಾಹನದಲ್ಲಿ ಕುಳಿತವರನ್ನೇ ಬೆದರಿಸಿ ವಾಹನ ಕಿತ್ತುಕೊಳ್ಳುವ ಅಪರಾಧಕ್ಕೆ ಹೆಸರು ಬಂದದ್ದೂ ಇಲ್ಲಿಯೇ. 1991ರಲ್ಲಿ ಇಂಥ ಘಟನೆಗಳು ಒಂದರ ಮೇಲೊಂದು ನಡೆದಾಗ ಡೆಟ್ರಾಯಿಟ್ ನ್ಯೂಸ್ ಪತ್ರಿಕೆ ‘ಕಾರ್‌ಜ್ಯಾಕಿಂಗ್’ ಎಂಬ ಪದವನ್ನು ಬಳಕೆಗೆ ತಂದಿತು. ಮರುವರ್ಷ, 1992ರ ಸೆಪ್ಟೆಂಬರಿನಲ್ಲಿ, ಮೇರಿಲ್ಯಾಂಡ್ ರಾಜ್ಯದಲ್ಲಿ ಭಾರತೀಯ ಮೂಲದ ರಸಾಯನ ವಿಜ್ಞಾನಿಯೊಬ್ಬರು ತಮ್ಮ ಪುಟ್ಟ ಮಗಳನ್ನು ಶಿಶುವಿಹಾರಕ್ಕೆ ಕರೆದೊಯ್ಯುತ್ತಿದ್ದಾಗ, ಮನೆಯ ಹತ್ತಿರದಲ್ಲೇ ಇಬ್ಬರು ಅವರನ್ನು ಹೊರಗೆಳೆದು ಕಾರು ಕಿತ್ತುಕೊಂಡರು. ಮಗು ಹಿಂದಿನ ಸೀಟಿನಲ್ಲಿತ್ತು. ತಾಯಿಯ ತೋಳು ಸೀಟ್ ಬೆಲ್ಟಿಗೆ ಸಿಕ್ಕಿಕೊಂಡಿತು. ಕಾರು ಅವರನ್ನು ಮೈಲಿಗೂ ಹೆಚ್ಚು ದೂರ ಎಳೆದೊಯ್ದಿತು, ಅವರು ಬದುಕಲಿಲ್ಲ. ಸೀಟಿನ ಸಮೇತ ರಸ್ತೆಗೆ ಎಸೆಯಲ್ಪಟ್ಟ ಮಗು ಬದುಕುಳಿಯಿತು. ಇಡೀ ದೇಶ ತಲ್ಲಣಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಈ ಅಪರಾಧವನ್ನು ಕೇಂದ್ರ ಸರ್ಕಾರದ ಕಾನೂನಿನ ವ್ಯಾಪ್ತಿಗೆ ತರುವ ಶಾಸನಕ್ಕೆ ಸಹಿ ಬಿದ್ದಿತು. ಇಂದಿಗೂ ಈ ಅಪರಾಧಕ್ಕೆ ಆ ಕಾನೂನಿನಲ್ಲಿ 15 ವರ್ಷಗಳವರೆಗೆ, ತೀವ್ರ ಗಾಯವಾದರೆ 25 ವರ್ಷಗಳವರೆಗೆ ಸೆರೆವಾಸವುಂಟು. ಸಾವು ಸಂಭವಿಸಿದರೆ ಜೀವಾವಧಿಯವರೆಗೆ ಸೆರೆವಾಸ ಅಥವಾ ಮರಣದಂಡನೆ.

ಈ ಘಟನೆಯನ್ನು ನೆನಪಿಸಿದ್ದು ನಿಮ್ಮನ್ನು ಹೆದರಿಸಲೆಂದಲ್ಲ. ಅದರಿಂದ ಕಲಿಯಬೇಕಾದ ಸಂಗತಿಗಳುಂಟು. ಇಂಥ ಅಪರಾಧ ಹೆಚ್ಚಾಗಿ ನಡೆಯುವುದು ಓಡುವ ಕಾರಿನ ಮೇಲಲ್ಲ, ನಿಂತ ಕಾರಿನ ಮೇಲೆ. ಕೆಂಪು ದೀಪ, ಗ್ಯಾಸ್ ಸ್ಟೇಷನ್, ಎ.ಟಿ.ಎಂ., ಅಂಗಡಿಯ ಪಾರ್ಕಿಂಗ್, ನಮ್ಮದೇ ಮನೆಯ ಡ್ರೈವ್‌ವೇ: ಇವು ನಾವು ಎಚ್ಚರದ ಬಿಗಿಯನ್ನು ಸಡಿಲಿಸುವ ಸ್ಥಳಗಳು, ಕಳ್ಳನಿಗೂ ಇದು ತಿಳಿದಿದೆ. ಆದ್ದರಿಂದ ನಾವು ನಮ್ಮ ಮನೆಯಲ್ಲಿ ಪಾಲಿಸುವ ಕೆಲವು ನಿಯಮಗಳನ್ನು ನಿಮ್ಮ ಮುಂದಿಡುತ್ತೇವೆ.

ಮೊದಲನೆಯದಾಗಿ, ಕಾರಿನ ಕಡೆಗೆ ನಡೆಯುವಾಗಲೇ ಕೀಲಿ ಕೈಯಲ್ಲಿರಲಿ, ದೂರವಾಣಿ ಜೇಬಿನಲ್ಲಿರಲಿ. ಒಳಗೆ ಕುಳಿತೊಡನೆ ಬಾಗಿಲು ಭದ್ರಪಡಿಸಿ ಹೊರಡಿರಿ. ಪತ್ರ, ಸಂದೇಶಗಳನ್ನು ನೋಡುತ್ತ ಅಲ್ಲಿಯೇ ಕುಳಿತಿರಬಾರದು. ಚೀಲ, ಲ್ಯಾಪ್‌ಟಾಪುಗಳನ್ನು ಟ್ರಂಕಿನಲ್ಲಿಡಬೇಕಾದರೆ ಮನೆಯಲ್ಲೇ ಇಟ್ಟು ಬನ್ನಿ. ತಲುಪಿದ ಮೇಲೆ ಪಾರ್ಕಿಂಗಿನಲ್ಲಿ ಟ್ರಂಕ್ ತೆರೆದು ಇಡುವುದೆಂದರೆ ನೋಡುತ್ತ ನಿಂತವನಿಗೆ ನಾವೇ ದಾರಿ ತೋರಿಸಿದಂತೆ.

ಎರಡನೆಯದಾಗಿ, ಸಿಗ್ನಲ್ಲಿನಲ್ಲಿ ನಿಲ್ಲುವಾಗ ಮುಂದಿನ ಕಾರಿನ ಹಿಂಚಕ್ರಗಳು ನೆಲ ಮುಟ್ಟುವ ಜಾಗ ನಮಗೆ ಕಾಣುವಷ್ಟು ಅಂತರವಿರಲಿ. ಅಷ್ಟಿದ್ದರೆ ಹಿಂದಕ್ಕೆ ಸರಿಯದೆಯೇ ಪಕ್ಕಕ್ಕೆ ತಿರುಗಿಸಿ ಹೊರಬರಬಹುದು.

ಮೂರನೆಯದಾಗಿ, ‘ಒಂದೇ ನಿಮಿಷ’ ಎಂದು ಮಗುವನ್ನು ಓಡುವ ಎಂಜಿನ್ನಿನ ಕಾರಿನಲ್ಲಿ ಬಿಟ್ಟು ಹಾಲು ತರಲು ಹೋಗಬಾರದು. ಚಳಿಗಾಲದ ಬೆಳಿಗ್ಗೆ ಕಾರು ಬಿಸಿಯಾಗಲೆಂದು ಎಂಜಿನ್ ಚಾಲೂ ಮಾಡಿ, ಕೀಲಿ ಅದರಲ್ಲೇ ಬಿಟ್ಟು ಒಳಗೆ ಕಾಫಿ ಕುಡಿಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗುಂಟು. ಮಿಷಿಗನ್ನಿನ ಕಳ್ಳರಿಗೆ ಅದಕ್ಕಿಂತ ಸುಲಭವಾದ ಸುಗ್ಗಿ ಬೇರೊಂದಿಲ್ಲ.

ಕಾರಿನ ಕಳ್ಳತನದ ತಂತ್ರವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಗುಂಡಿ ಒತ್ತಿದರೆ ಹೊರಡುವ ಕಾರುಗಳ ಕೀಲಿ ಕಾರಿನ ಕರೆಗೆ ಮಂದ ಸಂಕೇತದ ಮೂಲಕ ಉತ್ತರಿಸುತ್ತದೆ. ಬಾಗಿಲ ಬಳಿಯ ಮೊಳೆಗೆ ಕೀಲಿ ತೂಗುಹಾಕಿದರೆ, ಹೊರಗೆ ನಿಂತವನು ಉಪಕರಣದ ಮೂಲಕ ಆ ಸಂಕೇತವನ್ನು ಕಾರಿಗೆ ದಾಟಿಸಿ ಕಾರು ಒಯ್ಯಬಲ್ಲ. ಕೀಲಿಯನ್ನು ಮನೆಯ ಒಳಭಾಗದಲ್ಲಿ, ಮುಚ್ಚಳ ಬಿಗಿಯಾಗಿರುವ ಲೋಹದ ಡಬ್ಬಿಯಲ್ಲಿಡುವುದು ಲೇಸು. 2011ರಿಂದ 2022ರವರೆಗಿನ ಕೆಲವು ಕೊರಿಯನ್ ಮಾದರಿಗಳಲ್ಲಿ ಎಂಜಿನ್ನನ್ನು ಅಡಗಿಸುವ ವಿದ್ಯುನ್ಮಾನ ಬೀಗವಿರಲಿಲ್ಲ. ಅವನ್ನು ಕದಿಯುವ ವಿಧಾನ ತೋರಿಸುವ ಚಿತ್ರಿಕೆಗಳು 2022ರಲ್ಲಿ ದೇಶವಿಡೀ ಹರಡಿದವು. ತಯಾರಕರು 2023ರಲ್ಲಿ ಉಚಿತ ಪರಿಹಾರ ಒದಗಿಸಿದರು. ಅಂಥ ಕಾರುಳ್ಳವರು ಅದನ್ನು ಮಾಡಿಸಿಕೊಂಡಿದ್ದಾರೆಯೇ ಎಂದು ಇಂದೇ ನೋಡಿಕೊಳ್ಳಲಿ. ಸ್ಟಿಯರಿಂಗಿಗೆ ಹಾಕುವ ಕಬ್ಬಿಣದ ಬೀಗವನ್ನು ಹಳೆಯ ಕಾಲದ್ದೆಂದು ತಿರಸ್ಕರಿಸಬಾರದು. ಅದು ಕಣ್ಣಿಗೆ ಕಾಣುತ್ತದೆ, ಅದೇ ಅದರ ಬಲ.

ಇನ್ನು ಬಂದೂಕು ಎದುರಾದ ಕ್ಷಣ. ಇಲ್ಲಿ ವೈದ್ಯರಾಗಿ ನಾವು ಒಂದು ಮಾತು ಹೇಳಬಲ್ಲೆವು. ಪ್ರಾಣಭಯ ತಟ್ಟಿದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯ ಡಮಡಮ ಬಡಿಯುತ್ತದೆ, ಬೆರಳುಗಳು ನಡುಗುತ್ತವೆ, ಕಣ್ಣು ಬಂದೂಕಿನ ನಳಿಗೆಯೊಂದನ್ನೇ ನೋಡುತ್ತದೆ. ಆ ಕ್ಷಣದಲ್ಲಿ ಉಪಾಯ ಹೊಳೆಯುವುದಿಲ್ಲ. ಮೊದಲೇ ನಿರ್ಧರಿಸಿಟ್ಟುಕೊಂಡದ್ದು ಮಾತ್ರ ಕೈಗೆ ಬರುತ್ತದೆ. ಇನ್ನೊಂದು ಸಂಗತಿಯನ್ನು ಮರೆಯಬಾರದು. ಬಂದೂಕು ಹಿಡಿದವನ ದೇಹದಲ್ಲೂ ಅದೇ ರಸ ಹರಿಯುತ್ತಿರುತ್ತದೆ, ಅವನ ಬೆರಳೂ ನಡುಗುತ್ತಿರುತ್ತದೆ. ಆದ್ದರಿಂದ ಕೈಗಳು ಅವನಿಗೆ ಕಾಣುವಂತಿರಲಿ. ‘ಬೆಲ್ಟ್ ಬಿಚ್ಚುತ್ತೇನೆ’, ‘ಕೀಲಿ ಕೊಡುತ್ತೇನೆ’ ಎಂದು ಬಾಯಿಬಿಟ್ಟು ಹೇಳಿ ನಿಧಾನವಾಗಿ ಮಾಡಿರಿ. ಹಿಂದೆ ಮಗುವಿದ್ದರೆ ‘ನನ್ನ ಮಗು ಒಳಗಿದೆ’ ಎಂಬುದೇ ಮೊದಲ ಮಾತಾಗಲಿ. ಕಾರು ಹೋಗಲಿ, ಒಡವೆ ಹೋಗಲಿ. ಕಾರನ್ನು ಹಿಂಬಾಲಿಸಬೇಡಿ. ದೂರವಾಣಿಯಲ್ಲಿ ಅದು ಎಲ್ಲಿದೆಯೆಂದು ಕಾಣುತ್ತಿದ್ದರೂ ನೀವೇ ಹುಡುಕಿಕೊಂಡು ಹೋಗದೆ ಪೊಲೀಸರಿಗೆ ತಿಳಿಸಿರಿ.

ಈಗ ನಮ್ಮ ಋಣದ ಮಾತು.

2008ರ ನವೆಂಬರಿನಲ್ಲಿ ರಾಜ್ಯೋತ್ಸವದ ಸಮಾರಂಭ ಮುಗಿಸಿಕೊಂಡು ನಾವು ಗಂಡ ಹೆಂಡಿರು, ಇಬ್ಬರು ಮಕ್ಕಳು ಮನೆಗೆ ಹಿಂದಿರುಗುತ್ತಿದ್ದೆವು. ರಾತ್ರಿ ಹನ್ನೊಂದರ ಸಮಯ. ಹೆದ್ದಾರಿ ಸೇರುವ ಮುನ್ನ ಸಿಗುವ ನಿರ್ಜನವಾದ ಸಿಗ್ನಲ್ಲೊಂದರಲ್ಲಿ ನಿಂತಿದ್ದಾಗ ಹಿಂದಿನ ಕಾರು ನಮ್ಮ ಕಾರಿಗೆ ಮೆಲ್ಲಗೆ ತಗುಲಿತು. ಪೆಟ್ಟು ಎಷ್ಟಾಗಿದೆ ನೋಡೋಣವೆಂದು ಇಬ್ಬರೂ ಇಳಿದೆವು. ಹಾಗೆ ಇಳಿಯಲೆಂದೇ ಅವರು ಗುದ್ದಿದ್ದರು. ಒಬ್ಬನ ಕೈಯಲ್ಲಿ ಬಂದೂಕಿತ್ತು. ಮಾಂಗಲ್ಯದ ಸರ, ಬಳೆಗಳು, ಕೈಚೀಲ, ಹಣ ಎಲ್ಲವನ್ನೂ ಕೊಟ್ಟೆವು. ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ಮಕ್ಕಳು ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದರು.

ಅವರು ಹೋದ ಮೇಲೆ ನಗರ ಸಾರಿಗೆಯ ಬಸ್ಸೊಂದು ನಮ್ಮ ಪಕ್ಕದಲ್ಲಿ ನಿಂತಿತು. ಅದರ ಚಾಲಕಿ, ಆಫ್ರಿಕನ್ ಅಮೆರಿಕನ್ ಮಹಿಳೆ, ಕಿಟಕಿ ತೆರೆದು ‘ಏನಾಯಿತು, ಪೊಲೀಸರನ್ನು ಕರೆಯಲೆ?’ ಎಂದು ಕೇಳಿದರು. ‘ಏನೂ ಇಲ್ಲ, ಎಲ್ಲ ಸರಿಯಾಗಿದೆ’ ಎಂದೆವು. ಆಕೆ ನಂಬಲಿಲ್ಲ, ನಾವು ಹೊರಡುವವರೆಗೂ ಬಸ್ಸಿನ ದೀಪ ನಮ್ಮ ಮೇಲೆ ಬೀಳುವಂತೆ ನಿಲ್ಲಿಸಿಕೊಂಡಿದ್ದರು. ಈ ನಗರವನ್ನು ಕುರಿತು ನಮ್ಮ ಜನ ಹಗುರವಾಗಿ ಆಡುವ ಮಾತು ಕಿವಿಗೆ ಬಿದ್ದಾಗಲೆಲ್ಲ ನಮಗೆ ಆ ದೀಪ ನೆನಪಾಗುತ್ತದೆ. ಎಚ್ಚರ ಬೇರೆ, ಒಂದು ಜನಾಂಗದ ಮೇಲಿನ ಅಪನಂಬಿಕೆ ಬೇರೆ. ಮೊದಲನೆಯದು ನಮ್ಮನ್ನು ಕಾಯುತ್ತದೆ. ಎರಡನೆಯದು ನೆರವಿಗೆ ಬಂದವರಿಗೂ ಬೆನ್ನು ತಿರುಗಿಸುವಂತೆ ಮಾಡುತ್ತದೆ.

ಮನೆಗೆ ಬಂದ ಮೇಲೂ ನಾವು ಪೊಲೀಸರಿಗೆ ಹೇಳಲಿಲ್ಲ. ಕೋರ್ಟು ಕಚೇರಿಯ ಮೆಟ್ಟಿಲು ಹತ್ತುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ಕೇಳಿ ಬೆಳೆದವರು ನಾವು. ಮಾಂಗಲ್ಯ ಕಳೆದುಕೊಂಡೆವೆಂದು ತಿಳಿದರೆ ನಾಲ್ಕು ಜನ ಏನೆಂದಾರು? ಊರಿನಲ್ಲಿರುವ ಅಮ್ಮನಿಗೆ ಸುದ್ದಿ ಮುಟ್ಟಿದರೆ? ಡಾಕ್ಟರಾಗಿ ಇಷ್ಟೂ ತಿಳಿಯದೆ ಕಾರಿನಿಂದ ಇಳಿದರೆಂದು ನಕ್ಕರೆ? ಯಾರಿಗೂ ಹೇಳಬಾರದೆಂದು ಮಕ್ಕಳಿಗೆ ತಾಕೀತು ಮಾಡಿದವರು ನಾವೇ.

ಮೂರು ವಾರಗಳು ಕಳೆದವು. ಅದೇ ಸಿಗ್ನಲ್ಲಿನಲ್ಲಿ, ಅದೇ ರೀತಿಯಲ್ಲಿ, ಕೂಟದ ಮತ್ತೊಂದು ಕುಟುಂಬದ ಕಾರಿಗೆ ಹಿಂದಿನಿಂದ ಗುದ್ದಿದರು. ಆ ಮಿತ್ರರು ಹೆಂಡತಿಯ ಸರ ಬಿಡಲು ಕ್ಷಣಕಾಲ ಹಿಂಜರಿದರು. ಬಂದೂಕಿನ ಹಿಡಿ ಎಡ ಕಪೋಲದ ಮೇಲೆ ಬಿತ್ತು. ಸ್ವಲ್ಪ ಹೊತ್ತು ತಲೆ ಸುತ್ತಿತು, ಆಮೇಲೆ ಸರಿಹೋಯಿತು. ಅವರೂ ನಮ್ಮಂತೆಯೇ ಯೋಚಿಸಿದರು. ಯಾರನ್ನೂ ಕರೆಯದೆ ಮನೆಗೆ ಹೋದರು, ಮಾತನಾಡಿದರು, ಹಾಲು ಕುಡಿದು ಮಲಗಿದರು. ಬೆಳಗಿನ ಜಾವ ಎರಡು ಗಂಟೆಗೆ ವಾಂತಿ ಶುರುವಾಯಿತು. ಎಬ್ಬಿಸಿದರೆ ಸರಿಯಾಗಿ ಮಾತಿಲ್ಲ. ನಾವು ಪಾಳಿಯಲ್ಲಿದ್ದ ವಿಭಾಗಕ್ಕೇ ಅವರನ್ನು ಕರೆತಂದರು.

ಇದು ವೈದ್ಯಶಾಸ್ತ್ರದಲ್ಲಿ ಸುಪರಿಚಿತವಾದ ಮೋಸ. ತಲೆಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತನಾಳ ಒಡೆದಾಗ, ಗಾಯಾಳು ಕೆಲವು ಗಂಟೆಗಳ ಕಾಲ ಆರೋಗ್ಯವಾಗಿಯೇ ಕಾಣಬಹುದು. ಒಳಗೆ ರಕ್ತ ಸಂಗ್ರಹವಾಗಿ ಮೆದುಳನ್ನು ಒತ್ತುತ್ತಿರುತ್ತದೆ. ತಲೆಗೆ ಪೆಟ್ಟು ಬಿದ್ದವರಿಗೆ ಹೆಚ್ಚುತ್ತಿರುವ ತಲೆನೋವು, ವಾಂತಿ, ಮಂಪರು, ತೊದಲುವಿಕೆ, ಒಂದು ಕಣ್ಣಿನ ಪಾಪೆ ಮಾತ್ರ ಹಿಗ್ಗುವುದು, ಒಂದು ಬದಿಯ ನಿಶ್ಶಕ್ತಿ ಇವುಗಳಲ್ಲಿ ಯಾವುದು ಕಂಡರೂ ಒಂದು ನಿಮಿಷ ತಡಮಾಡಬಾರದು. ಹತ್ಯಾರಿನ ಪೆಟ್ಟಾಗಿದ್ದರೆ ಇವಾವುವೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಹಾಗೆಯೇ ರಕ್ತ ಚಿಮ್ಮುವ ಗಾಯವಾದರೆ, ಸ್ವಚ್ಛ ಬಟ್ಟೆಯನ್ನು ಗಾಯದ ಮೇಲಿಟ್ಟು ಎರಡು ಕೈಗಳಿಂದ ಬಲವಾಗಿ ಒತ್ತಿಹಿಡಿದು, ನೆರವು ಬರುವವರೆಗೆ ಎತ್ತಿ ನೋಡದಿರಬೇಕು. 2015ರಲ್ಲಿ ಈ ದೇಶದಲ್ಲಿ ಆರಂಭವಾದ ‘ಸ್ಟಾಪ್ ದಿ ಬ್ಲೀಡ್’ ಆಂದೋಲನ ಇದನ್ನು ಸಾಮಾನ್ಯರಿಗೆ ಕಲಿಸುತ್ತಿದೆ. ನಮ್ಮ ಕೂಟದಲ್ಲೂ ಒಂದು ತರಗತಿ ನಡೆಯಲಿ.

ಶಸ್ತ್ರಚಿಕಿತ್ಸೆಯಾಯಿತು, ನಮ್ಮ ಮಿತ್ರರು ಬದುಕಿದರು. ಬಲಗೈಯ ಶಕ್ತಿ ಮಾತ್ರ ಪೂರ್ಣವಾಗಿ ಮರಳಲಿಲ್ಲ. ಪ್ರಜ್ಞೆ ಬಂದ ಮೇಲೆ ಅವರು ನಮ್ಮನ್ನು ಕೇಳಿದ ಪ್ರಶ್ನೆ ಇದು: ‘ಆ ದಾರಿಯಲ್ಲಿ ಹೀಗೆಲ್ಲ ನಡೆಯುತ್ತದೆಂದು ನಮ್ಮವರಿಗೆ ಯಾರಿಗೂ ಗೊತ್ತಿರಲಿಲ್ಲವೇ, ಡಾಕ್ಟರೇ?’

ಅಂದು ಉತ್ತರ ಹೇಳುವ ಧೈರ್ಯ ನಮಗಾಗಲಿಲ್ಲ. ಆರು ತಿಂಗಳ ನಂತರ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಎಡಗೈಯಿಂದ ಲೋಟ ಮುಂದಕ್ಕೆ ಸರಿಸಿ ‘ಕಾಫಿ ಆರುತ್ತಿದೆ, ಕುಡಿಯಿರಿ’ ಎಂದರು. ಇಂದು ಇದನ್ನು ಬಹಿರಂಗವಾಗಿ ಹೇಳುತ್ತಿರುವುದು ಅವರ ಒಪ್ಪಿಗೆಯಿಂದ, ಅವರ ಇಚ್ಛೆಯಿಂದ.

ನಿಮ್ಮ ಅಜ್ಜಿಯರ ಬಾಯಲ್ಲಿ ‘ಇಲಿ ಬಿತ್ತು’ ಎಂಬ ಮಾತನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮುಂದೆ ಹಲವು ದಶಕಗಳ ಕಾಲ ಮೈಸೂರು ಸಂಸ್ಥಾನದ ಊರುಗಳನ್ನು ಕಾಡಿತು. ಮನುಷ್ಯರಿಗೆ ತಗಲುವ ಮುನ್ನ ಮನೆಯ ಅಟ್ಟದಿಂದ ಇಲಿಗಳು ಸತ್ತು ಬೀಳುತ್ತಿದ್ದವು. ಸತ್ತ ಇಲಿಯ ಮೈ ತಣ್ಣಗಾದೊಡನೆ ಅದರ ಮೇಲಿನ ಚಿಗಟಗಳು ಬೇರೆ ಆಸರೆ ಹುಡುಕಿಕೊಂಡು ಮನುಷ್ಯರ ಮೇಲೆ ಹಾರುತ್ತಿದ್ದವು. ಇಲಿ ಬಿದ್ದ ಸುದ್ದಿ ಬೇಗ ಹಬ್ಬಿದರೆ ಊರಿನವರು ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಜೀವ ಉಳಿಸಿಕೊಳ್ಳುತ್ತಿದ್ದರು. ಅಧಿಕಾರಿಗಳು ಮನೆಯೊಳಗೆ ನುಗ್ಗುತ್ತಾರೆಂಬ ಭಯದಿಂದಲೋ ಮರ್ಯಾದೆ ಹೋಗುತ್ತದೆಂಬ ಅಂಜಿಕೆಯಿಂದಲೋ ಸುದ್ದಿಯನ್ನು ಮುಚ್ಚಿಟ್ಟ ಮನೆ ಇಡೀ ಬೀದಿಗೆ ಕಂಟಕವಾಗುತ್ತಿತ್ತು. 2008ರ ಆ ರಾತ್ರಿ ಇಲಿ ಬಿದ್ದದ್ದು ನಮ್ಮ ಮನೆಯಲ್ಲಿ. ಅದನ್ನು ಮುಚ್ಚಿಟ್ಟವರು ನಾವು.

ನಮ್ಮ ಜನರ ಮೌನ ಕಳ್ಳರ ಲೆಕ್ಕದೊಳಗೆ ಸೇರಿಹೋಗಿದೆ. ಭಾರತೀಯರ ಮನೆಯಲ್ಲಿ ಚಿನ್ನವಿರುತ್ತದೆ, ಹಣವಿರುತ್ತದೆ ಎಂಬ ನಂಬಿಕೆ ಅವರಲ್ಲಿ ಬೇರೂರಿದೆ. 2011ರಿಂದ 2014ರವರೆಗೆ ಒಂದು ತಂಡ ಜಾರ್ಜಿಯಾ, ನ್ಯೂಯಾರ್ಕ್, ಓಹಾಯೋ, ಮಿಷಿಗನ್, ಟೆಕ್ಸಸ್ ರಾಜ್ಯಗಳಲ್ಲಿ ಭಾರತೀಯ ಹಾಗೂ ಇತರ ಏಷ್ಯಾ ಮೂಲದ ಕುಟುಂಬಗಳನ್ನೇ ಆರಿಸಿ ಮನೆಗೆ ನುಗ್ಗಿ ದೋಚಿತು. ಅದರ ಮುಂದಾಳುವಾಗಿದ್ದ ಟೆಕ್ಸಸ್ಸಿನ ಮಹಿಳೆಗೆ 2019ರಲ್ಲಿ ಮಿಷಿಗನ್ನಿನ ಕೇಂದ್ರ ನ್ಯಾಯಾಲಯ 37 ವರ್ಷಗಳ ಸೆರೆವಾಸ ವಿಧಿಸಿತು. ದೋಚಲ್ಪಟ್ಟವರೆಲ್ಲರೂ ನಮ್ಮಂತೆ ಬಾಯಿ ಮುಚ್ಚಿಕೊಂಡಿದ್ದರೆ ಹಲವು ರಾಜ್ಯಗಳ ಘಟನೆಗಳನ್ನು ಒಂದಕ್ಕೊಂದು ಜೋಡಿಸಲು ಎಳೆಯೇ ಸಿಗುತ್ತಿರಲಿಲ್ಲ.

ಒಟ್ಟಾಗಿ ನಿಂತರೆ ಏನಾಗುತ್ತದೆಂಬುದಕ್ಕೆ ಈ ನಗರವೇ ಸಾಕ್ಷಿ. ಹ್ಯಾಲೋವೀನಿನ ಹಿಂದಿನ ರಾತ್ರಿ ಡೆಟ್ರಾಯಿಟಿನಲ್ಲಿ ಖಾಲಿ ಮನೆಗಳಿಗೆ ಬೆಂಕಿಯಿಡುವ ದುಶ್ಚಟ ಬೆಳೆದಿತ್ತು. 1984ರಲ್ಲಿ ಆ ಹಬ್ಬದ ಆಸುಪಾಸಿನ ಮೂರು ದಿನಗಳಲ್ಲಿ 800ಕ್ಕೂ ಹೆಚ್ಚು ಬೆಂಕಿಗಳು ಬಿದ್ದವು. 1995ರಲ್ಲಿ ನಗರಾಡಳಿತ ‘ಏಂಜಲ್ಸ್ ನೈಟ್’ ಎಂಬ ಹೆಸರಿನಲ್ಲಿ ನಾಗರಿಕರನ್ನು ಕರೆಯಿತು. ಸಾವಿರಾರು ಸಾಮಾನ್ಯ ಜನ ತಮ್ಮ ಕಾರುಗಳ ಮೇಲೆ ಹಳದಿ ದೀಪವಿಟ್ಟುಕೊಂಡು ಬೀದಿಬೀದಿ ಸುತ್ತಿದರು. ಮನೆಯ ಮುಂದಿನ ದೀಪವನ್ನು ರಾತ್ರಿಯಿಡೀ ಉರಿಸಿದರು. ಪಾಳುಬಿದ್ದ ಮನೆಯೊಂದನ್ನು ದತ್ತು ತೆಗೆದುಕೊಂಡು ಕಾದರು. ಬೆಂಕಿಗಳು ಕಾಲಕ್ರಮೇಣ ಇಳಿದವು. 2018ರ ಹೊತ್ತಿಗೆ ಆ ಕಾವಲಿನ ಅಗತ್ಯವೇ ಇಲ್ಲವೆನಿಸಿ, ಅದರ ಜಾಗದಲ್ಲಿ ಮಕ್ಕಳ ಹಬ್ಬ ನಡೆಯತೊಡಗಿತು. 2016ರಲ್ಲಿ ಎಂಟು ಗ್ಯಾಸ್ ಸ್ಟೇಷನ್ನುಗಳಿಂದ ಆರಂಭವಾದ ‘ಪ್ರಾಜೆಕ್ಟ್ ಗ್ರೀನ್ ಲೈಟ್’ ಯೋಜನೆಯನ್ನೂ ನೀವು ಬಲ್ಲಿರಿ. ಹಸಿರು ದೀಪ ಮಿನುಗುವ ಅಂಗಡಿಯ ಕ್ಯಾಮೆರಾಗಳ ಚಿತ್ರ ನೇರವಾಗಿ ಪೊಲೀಸರಿಗೆ ತಲುಪುತ್ತದೆ. ರಾತ್ರಿ ವೇಳೆ ನಗರದಲ್ಲಿ ಪೆಟ್ರೋಲ್ ತುಂಬಿಸಬೇಕಾದರೆ ಆ ದೀಪ ನೋಡಿ ನಿಲ್ಲಿಸಿರಿ.

ಆದ್ದರಿಂದ ಕೂಟದ ಮುಂದೆ ಕೆಲವು ಸಲಹೆಗಳನ್ನು ಇಡುತ್ತೇವೆ. ಪ್ರತಿ ಸಮಾರಂಭದಲ್ಲೂ ಊಟದ ಸಮಿತಿ, ವೇದಿಕೆಯ ಸಮಿತಿ ಇರುವಂತೆಯೇ ಪಾರ್ಕಿಂಗಿಗೆ ಇಬ್ಬರು ಸ್ವಯಂಸೇವಕರು ಟಾರ್ಚು ಹಿಡಿದು ಇರಲಿ. ರಾತ್ರಿ ತಡವಾದಾಗ ನಾಲ್ಕಾರು ಕುಟುಂಬಗಳು ಒಟ್ಟಿಗೆ ಹೊರಡಲಿ. ಒಂಟಿಯಾಗಿ ಬಂದ ವಿದ್ಯಾರ್ಥಿನಿಯರನ್ನು, ವೃದ್ಧರನ್ನು ಕಾರಿನವರೆಗೆ ಯಾರಾದರೂ ಕಳುಹಿಸಿಕೊಡಲಿ. ಬೆಲೆಬಾಳುವ ಒಡವೆಗಳನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಹಬ್ಬಕ್ಕೆ ಹಗುರವಾದವನ್ನು ತೊಡುವುದರಿಂದ ಲಕ್ಷ್ಮಿ ಮುನಿಯುವುದಿಲ್ಲ. ಊರಿಗೆ ಹೊರಟಿರುವುದನ್ನು ಹೋಗುವ ಮೊದಲೇ ಜಗತ್ತಿಗೆಲ್ಲ ಸಾರುವುದು ಬೇಡ. ಪಕ್ಕದ ಮನೆಯವರಿಗೆ ಮಾತ್ರ ತಿಳಿಸಿದರೆ ಸಾಕು. ಆ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದಿದ್ದರೆ ಇಂದೇ ಹೋಗಿ ಪರಿಚಯ ಮಾಡಿಕೊಳ್ಳಿರಿ. ಆಗಸ್ಟ್ ತಿಂಗಳ ಮೊದಲ ಮಂಗಳವಾರ ಅನೇಕ ಊರುಗಳಲ್ಲಿ ನೆರೆಹೊರೆಯವರೂ ಪೊಲೀಸರೂ ಬೀದಿಯಲ್ಲಿ ಸೇರುವ ರೂಢಿ 1984ರಿಂದ ನಡೆದುಬಂದಿದೆ. ನಮ್ಮವರು ಅಲ್ಲಿಗೆ ಒಂದು ತಟ್ಟೆ ಚಿತ್ರಾನ್ನದೊಂದಿಗೆ ಹೋಗಲಿ. ಯುಗಾದಿಗೆ ಸ್ಥಳೀಯ ಪೊಲೀಸ್ ಅಧಿಕಾರಿಯನ್ನು ನಾವೂ ಕರೆಯೋಣ.

ಹಿಂದಿನಿಂದ ಕಾರೊಂದು ಗುದ್ದಿದರೆ ಏನು ಮಾಡಬೇಕೆಂಬುದನ್ನು ಮರೆಯದೆ ಹೇಳಬೇಕು. ಅಪಘಾತವಾದರೆ ನಿಲ್ಲಬೇಕೆಂಬುದು ಕಾನೂನು, ನಿಜ. ಆದರೆ ಸ್ಥಳ ನಿರ್ಜನವಾಗಿದ್ದರೆ ಇಳಿಯಬೇಡಿ. ಬಾಗಿಲು ಭದ್ರವಾಗಿರಲಿ, ಎಚ್ಚರಿಕೆಯ ದೀಪ ಹಾಕಿ ತಕ್ಷಣ 911ಕ್ಕೆ ಕರೆಮಾಡಿ ಪರಿಸ್ಥಿತಿ ವಿವರಿಸಿ, ಅವರ ಸೂಚನೆಯಂತೆ ಬೆಳಕಿರುವ, ಜನರಿರುವ ಸ್ಥಳಕ್ಕೆ ನಿಧಾನವಾಗಿ ಸಾಗಿ ನಿಲ್ಲಿರಿ. ನಿಜವಾದ ಅಪಘಾತವಾಗಿದ್ದರೆ ಹಿಂದಿನವರು ಅಲ್ಲಿಗೂ ಬರುತ್ತಾರೆ.

ಕೊನೆಯದಾಗಿ, ಇಂಥ ಘಟನೆ ನಡೆದ ಮೇಲೆ ನಿದ್ರೆ ಬಾರದಿರುವುದು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು ಸಹಜ. ಒಂದು ತಿಂಗಳಾದರೂ ಇಳಿಯದಿದ್ದರೆ ಅದು ಚಿಕಿತ್ಸೆಗೆ ಒಗ್ಗುವ ಕಾಯಿಲೆ. ದೌರ್ಬಲ್ಯವೆಂದು ತಿಳಿದು ನಾಚಬೇಕಾಗಿಲ್ಲ. ಮಕ್ಕಳಿಗೆ ಮಾತನಾಡಲು ಬಿಡಿ. ‘ಯಾರಿಗೂ ಹೇಳಬೇಡ’ ಎಂದು ನಾವು ತಾಕೀತು ಮಾಡಿದ ನಮ್ಮ ಕಿರಿಯ ಮಗಳು ಎರಡು ವರ್ಷ ರಾತ್ರಿ ಕಾರು ಹತ್ತಲು ಅಳುತ್ತಿದ್ದಳು. ಭಯಕ್ಕಿಂತ ಆ ಗುಟ್ಟಿನ ಭಾರವೇ ತನಗೆ ದೊಡ್ಡದಾಗಿತ್ತೆಂದು ಬೆಳೆದ ಮೇಲೆ ಹೇಳಿದಳು.

ನಮ್ಮ ಬೇಡಿಕೆ ಇಷ್ಟೇ. ಕೂಟದ ಪ್ರತಿ ಸಂಚಿಕೆಯಲ್ಲೂ ಅರ್ಧ ಪುಟವನ್ನು ಇದಕ್ಕೆ ಮೀಸಲಿಡಿ. ಹೆಸರು ಬೇಡ, ಸ್ಥಳ, ಸಮಯ, ನಡೆದ ರೀತಿ ಇಷ್ಟಿದ್ದರೆ ಸಾಕು. ಪೊಲೀಸರಿಗೆ ದೂರು ಕೊಟ್ಟ ಮೇಲೆ ಸಂಪಾದಕರಿಗೂ ನಾಲ್ಕು ಸಾಲು ಬರೆಯಿರಿ. ಮೊದಲ ಸಂಚಿಕೆಗೆ ನಾವೇ ಬರೆದು ತಂದಿದ್ದೇವೆ. 2008ರ ಸುದ್ದಿ, ಬಹಳ ತಡವಾಗಿದೆ. ಆದರೂ ಅಚ್ಚಾಗಲಿ ಎಂದು ಸಂಪಾದಕರಲ್ಲಿ ಕೋರುತ್ತೇವೆ.

 ಇಂದು ಮನೆಗೆ ಹೋಗುವಾಗ ದಯವಿಟ್ಟು ಎಲ್ಲರೂ ಒಟ್ಟಿಗೆ ಹೊರಡೋಣ.